ಮುಟ್ಟಬಾರದ ಹನ್ನೊಂದು ವಸ್ತುಗಳು

ನಮ್ಮ ಶಾಲೆಯ ಮಕ್ಕಳ ತಂದೆತಾಯಿಯರಿಗೆ ಒಂದು ಕಾಯಿಲೆ ಇದೆ. ಮನೆಗೆ ಯಾರಾದರೂ ಬರುತ್ತಾರೆ ಎಂದು ಗೊತ್ತಾದರೆ ಸಾಕು, ನಮ್ಮ ಕೈ ಸುಮ್ಮನಿರುವುದಿಲ್ಲ. ಹರಿದದ್ದನ್ನು ಹೊಲಿಯುತ್ತೇವೆ, ಮುರಿದದ್ದನ್ನು ಕೂಡಿಸುತ್ತೇವೆ, ಕೂಡಿಸಲಾಗದ್ದನ್ನು ಮಂಚದ ಕೆಳಗೆ ತಳ್ಳುತ್ತೇವೆ. ಬಂದವರು 'ಹೇಗಿದೀರಾ?' ಎಂದು ಕೇಳಿದರೆ ಮೈ ಕೆಂಡದಂತೆ ಸುಡುತ್ತಿದ್ದರೂ 'ಫಸ್ಟ್ ಕ್ಲಾಸ್' ಎನ್ನುತ್ತೇವೆ. ಇಂಥ ಜನ ಒಟ್ಟಾಗಿ ತಮ್ಮ ಶಾಲೆಯ ಕೊರತೆ ತೋರಿಸಲು ಹೊರಟರೆ ಏನಾಗುತ್ತದೆ ಎಂಬುದೇ ಈ ಕಥೆ. ನಾನೂ ಅವರಲ್ಲಿ ಒಬ್ಬಳು. ಮೊದಲೇ ಒಪ್ಪಿಕೊಂಡಿದ್ದೇನೆ, ಆಮೇಲೆ ಯಾರೂ ನನ್ನ ಕಡೆ ಬೆರಳು ತೋರಿಸುವುದು ಬೇಡ.

ನಾನು ಟೈಲರ್. ಶಾಲೆಯ ಎದುರಿನ ಸಾಲಿನಲ್ಲಿ ನನ್ನ ಅಂಗಡಿ, ಅದರ ಪಕ್ಕದಲ್ಲಿ ಸಲೂನು. ನನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಳೆ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುವವಳು, ಹಾಗಾಗಿ ಇಡೀ ಬೀದಿಗೆ ಅವಳು ಗಿಣಿ. ಶಾಲೆಯಲ್ಲಿ ಇವತ್ತು ಯಾರು ಯಾರಿಗೆ ಹೊಡೆದರು, ಯಾರ ಹಲ್ಲು ಬಿತ್ತು, ಯಾರ ಪೆನ್ಸಿಲ್ಲು ಯಾರ ಚೀಲದಲ್ಲಿ ಸಿಕ್ಕಿತು ಎಂಬುದೆಲ್ಲ ನನಗೆ ಗೊತ್ತು. ಏನು ಕಲಿತೆ ಎಂದು ಮಾತ್ರ ನಾನು ಕೇಳಿರಲಿಲ್ಲ. ಇಷ್ಟು ಮಾತಾಡುವ ಮಗು ಏನೂ ಕಲಿಯದೆ ಇರುತ್ತದೆಯೇ ಎಂದುಕೊಂಡಿದ್ದೆ.

ನಾಲ್ಕನೇ ಕ್ಲಾಸಿನ ಟೀಚರ್ ನಿವೃತ್ತರಾಗಿ ಏಳು ತಿಂಗಳಾಗಿತ್ತು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹೆಡ್‌ಮಿಸ್ ಐದನೇ ಕ್ಲಾಸಿಗೆ ಪಾಠ ಮಾಡುತ್ತಾ, ನಡುವಿನ ಬಾಗಿಲು ತೆರೆದಿಟ್ಟು, ಆಗಾಗ ನಾಲ್ಕನೇ ಕ್ಲಾಸಿನ ಕಡೆ ಕತ್ತು ಹೊರಳಿಸಿ 'ಸದ್ದು!' ಎಂದು ಕೂಗುತ್ತಿದ್ದರು. ಏಳು ತಿಂಗಳಲ್ಲಿ ಅವರ ಕತ್ತು ಬಲಗಡೆಗೇ ನಿಂತುಬಿಟ್ಟಿತ್ತು.

ಅಷ್ಟರಲ್ಲಿ ನಗರಸಭೆಯಿಂದ ಕಾಗದ ಬಂತು. ಶಾಲೆಗಳಿಗೆ ಕೊಡುವ ಅನುದಾನ ಕಡಿಮೆ ಮಾಡುತ್ತಾರಂತೆ. ನಿಜವಾಗಿ ಕೊರತೆ ಇರುವ ಶಾಲೆಗಳಿಗೆ ಮಾತ್ರ ಮುಂದುವರಿಸುತ್ತಾರಂತೆ. ಉಳಿದವುಗಳಲ್ಲಿ ಖಾಲಿ ಇರುವ ಟೀಚರ್ ಹುದ್ದೆಯನ್ನು ಪೂರ್ತಿ ರದ್ದು ಮಾಡುತ್ತಾರಂತೆ. ಕೊರತೆ ಇದೆಯೋ ಇಲ್ಲವೋ ನೋಡಲು ಮುಂದಿನ ಗುರುವಾರ ಒಬ್ಬ ಅಧಿಕಾರಿ ಬರುತ್ತಾರಂತೆ. ಅವರು 'ಎಲ್ಲ ಸರಿ ಇದೆ' ಎಂದು ಬರೆದರೆ ನಮ್ಮ ಮಕ್ಕಳಿಗೆ ಟೀಚರ್ ಬರುವುದಿಲ್ಲ, ಈ ವರ್ಷವೂ ಇಲ್ಲ, ಇನ್ಯಾವ ವರ್ಷವೂ ಇಲ್ಲ.

ಶನಿವಾರ ಪೋಷಕರ ಸಭೆ ಸೇರಿತು. ಐದನೇ ಕ್ಲಾಸಿನ ಪುಟ್ಟ ಬೆಂಚುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತೆವು. ಅಧ್ಯಕ್ಷರು ಬಸ್ ಕಂಡಕ್ಟರ್. ಅವರ ಅವಳಿ ಹೆಣ್ಣುಮಕ್ಕಳಿಬ್ಬರೂ ನಾಲ್ಕನೇ ಕ್ಲಾಸು. ಇಪ್ಪತ್ತು ವರ್ಷದ ಅಭ್ಯಾಸ, ಸಭೆಯನ್ನೂ ಬಸ್ಸಿನಂತೆಯೇ ನಡೆಸುತ್ತಾರೆ.

"ಮುಂದೆ ಬನ್ನಿ, ಮುಂದೆ ಬನ್ನಿ, ಬಾಗಿಲಲ್ಲಿ ನಿಲ್ಬೇಡಿ. ಮಾತಾಡೋರು ಕೈ ಎತ್ತಿ. ವಿಷಯ ಮುಗಿದ ತಕ್ಷಣ ಇಳ್ಕೊಳಿ."

ಮೊದಲು ಕೈ ಎತ್ತಿದವರು ಸಲೂನಿನ ಅಣ್ಣ. "ಉಪವಾಸ ಕೂರೋಣ" ಎಂದರು.

"ಎಷ್ಟು ದಿನ?" ಎಂದು ಕಂಡಕ್ಟರ್ ಕೇಳಿದರು.

"ದಿನ ಯಾಕೆ? ಬೆಳಿಗ್ಗೆ ತಿಂಡಿ ಆದ್ಮೇಲೆ ಕೂತ್ರೆ ಮಧ್ಯಾಹ್ನ ಊಟದ ತನಕ ಆರಾಮಾಗಿ ಕೂರಬಹುದು."

ಅದು ಬಿದ್ದುಹೋಯಿತು. ಸಹಿ ಸಂಗ್ರಹ ಮಾಡುವುದೆಂದು ಆಯಿತು. ಕಂಡಕ್ಟರ್ ಆ ಜವಾಬ್ದಾರಿ ತಾವೇ ಹೊತ್ತುಕೊಂಡು ಮೂರೇ ದಿನದಲ್ಲಿ ಒಂದು ದಪ್ಪ ಪುಸ್ತಕ ತುಂಬಿಸಿಬಿಟ್ಟರು. ನನಗೆ ಆಗಲೇ ಅನುಮಾನ ಬಂದಿತ್ತು. ತೆರೆದು ನೋಡಿದರೆ ನಮ್ಮ ಬೀದಿಯವರದ್ದು ನಾಲ್ಕೈದು ಸಹಿ ಇದ್ದಿರಬೇಕು. ಮಿಕ್ಕವರೆಲ್ಲ ಅವರ ಬಸ್ಸಿನ ಪ್ರಯಾಣಿಕರು. ಒಬ್ಬರು ಸಹಿಯ ಜಾಗದಲ್ಲಿ 'ಮೊದಲು ನನ್ನ ಚಿಲ್ಲರೆ ಕೊಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಆ ಸಭೆಯಲ್ಲಿ ಬುದ್ಧಿಯ ಮಾತು ಆಡಿದವರು ಹೆಡ್‌ಮಿಸ್ ಒಬ್ಬರೇ. ಅವರು ಕತ್ತನ್ನು ಬಲಗಡೆಗೇ ಇಟ್ಟುಕೊಂಡು ಒಂದು ಪಟ್ಟಿ ಓದಿದರು. ಶಾಲೆಯಲ್ಲಿ ಕೆಟ್ಟಿರುವ ವಸ್ತುಗಳು ಹನ್ನೊಂದು. ಕುಂಟುವ ಬೆಂಚು, ಸೋರುವ ನಲ್ಲಿ, ಕಿರ್ರೆನ್ನುವ ಗೇಟು, ಬಿರುಕು ಬಿಟ್ಟ ಕಿಟಕಿ ಗಾಜು, ಹರಿದ ಪರದೆ, ಹೀಗೆ.

"ಇವನ್ನ ಯಾರೂ ಮುಟ್ಬಾರದು. ಅಧಿಕಾರಿ ಬಂದಾಗ ಎಲ್ಲ ಹೀಗೇ ಇರಬೇಕು. ನಾನು ಒಂದೊಂದಾಗಿ ತೋರಿಸ್ತೀನಿ. ಕೊನೇಲಿ ನಾಲ್ಕನೇ ಕ್ಲಾಸಿಗೆ ಕರ್ಕೊಂಡು ಹೋಗಿ ಖಾಲಿ ಕುರ್ಚಿ ತೋರಿಸ್ತೀನಿ. ಅಷ್ಟೇ. ನೀವು ಏನೂ ಮಾಡ್ಬೇಡಿ. ದಯವಿಟ್ಟು ಏನೂ ಮಾಡ್ಬೇಡಿ."

ಏನೂ ಮಾಡುವುದಿಲ್ಲ ಎಂದು ಎಲ್ಲರೂ ಮಾತು ಕೊಟ್ಟೆವು. ನಾನಂತೂ ಎರಡು ಸಲ ಕೊಟ್ಟೆ.

ಬುಧವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನನ್ನ ತಲೆಗೆ ಒಂದು ಯೋಚನೆ ಹೊಕ್ಕಿತು. ನಾಲ್ಕನೇ ಕ್ಲಾಸಿನ ಕಿಟಕಿಗೆ ಆ ಹರಿದ ಪರದೆ ಇದೆ. ಅಧಿಕಾರಿ ಅದನ್ನು ನೋಡುತ್ತಾರೆ. ಅದರ ಹರಕಿನೊಳಗಿಂದಲೇ ರಸ್ತೆಯಾಚೆ 'ಟೈಲರ್' ಎಂಬ ನನ್ನ ದೊಡ್ಡ ಬೋರ್ಡು ಕಾಣುತ್ತದೆ. ಎರಡನ್ನೂ ಒಟ್ಟಿಗೆ ನೋಡಿದ ಮನುಷ್ಯ ನನ್ನ ಬಗ್ಗೆ ಏನೆಂದುಕೊಳ್ಳಬೇಡ? ಉಳಿದ ಹತ್ತು ವಸ್ತುಗಳಿವೆಯಲ್ಲ, ಒಂದು ಕಡಿಮೆಯಾದರೆ ಏನು ಮಹಾ ಎಂದುಕೊಂಡು ಸೂಜಿ ದಾರ ಹಿಡಿದು ರಸ್ತೆ ದಾಟಿದೆ.

ಗೇಟು ತಳ್ಳಿದರೆ ಸದ್ದೇ ಇಲ್ಲ! ಗೇಟಿನ ಹಿಂದೆ ಕಂಡಕ್ಟರ್, ಕೈಯಲ್ಲಿ ಎಣ್ಣೆಯ ಡಬ್ಬಿ.

"ನನ್ನ ಬಸ್ಸಿನ ಬಾಗಿಲು ಇವತ್ತಿನ ತನಕ ಕಿರ್ ಅಂದಿಲ್ಲ ಅಕ್ಕ. ನಾನು ಅಧ್ಯಕ್ಷ ಆಗಿರೋ ಶಾಲೆ ಗೇಟು ಕಿರ್ ಅನ್ನಬಹುದಾ? ನೀವೇ ಹೇಳಿ. ಇದೊಂದೇ, ಬೇರೇನೂ ಮುಟ್ಟಿಲ್ಲ."

ಒಳಗೆ ಹೋದರೆ ನಾಲ್ಕನೇ ಕ್ಲಾಸಿನ ಬೆಂಚಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು. ಬಡಗಿ ತಾತನ ಕಾಲು. ಅವರ ಮೊಮ್ಮಗ ಕ್ಲಾಸಿನಲ್ಲಿ ಕೂರುವುದು ಅದೇ ಬೆಂಚಿನ ಮೇಲೆ.

"ತಾತಾ, ಏನು ಮಾಡ್ತಿದೀರಾ?"

"ಸುಮ್ನೆ ನೋಡ್ತಿದೀನಮ್ಮ" ಎಂದರು ತಾತ. ಆಮೇಲೆ ನಾಲ್ಕು ಸಲ ಸುತ್ತಿಗೆಯ ಸದ್ದು ಬಂತು.

ಕಿಟಕಿಯ ಬಳಿ ಸಲೂನಿನ ಅಣ್ಣ. ಬಿರುಕು ಬಿಟ್ಟ ಗಾಜು ಹೋಗಿ ಹೊಸ ಗಾಜು ಬಂದಿತ್ತು. ಅವರು ಅದನ್ನು ತಮ್ಮ ಸಲೂನಿನ ಕನ್ನಡಿ ಒರೆಸುವಂತೆ ಬಾಯಿಂದ ಆವಿ ಬಿಟ್ಟು ಒರೆಸುತ್ತಿದ್ದರು. ನನ್ನನ್ನು ನೋಡಿ ಇಂಗು ತಿಂದ ಮಂಗನಂತೆ ಮುಖ ಮಾಡಿದರು. ನನ್ನ ಕೈಯಲ್ಲಿದ್ದ ಸೂಜಿ ಕಣ್ಣಿಗೆ ಬಿದ್ದ ಮೇಲೆ ಮುಖ ಸರಿಯಾಯಿತು.

ಯಾರೂ ಯಾರಿಗೂ ಬುದ್ಧಿ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ಎಲ್ಲರೂ ಒಳ್ಳೆಯ ಮನಸ್ಸಿನಿಂದ ಕೆಲಸ ಮುಂದುವರಿಸಿದೆವು. ಉಳಿದದ್ದನ್ನು ಇನ್ಯಾರು ಯಾರು ಬಂದು ಮಾಡಿದರೋ ದೇವರೇ ಬಲ್ಲ. ನಲ್ಲಿ ಸೋರುವುದು ನಿಂತದ್ದು ಹೇಗೆ ಎಂದು ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಗುರುವಾರ ಬೆಳಿಗ್ಗೆ ಹೆಡ್‌ಮಿಸ್ ಪಟ್ಟಿ ಹಿಡಿದು ಬಂದರು. ಗೇಟಿನಿಂದ ಶುರು ಮಾಡಿ ಒಂದೊಂದನ್ನೇ ನೋಡುತ್ತಾ ಹೋದರು. ನಾವು ನಾಲ್ವರೂ ಅವರ ಹಿಂದೆ ತುಟಿ ಪಿಟಕ್ಕೆನ್ನದೆ ನಡೆದೆವು. ಹನ್ನೊಂದನೆಯ ವಸ್ತು ಮುಟ್ಟುವ ಹೊತ್ತಿಗೆ ಅವರು ಪಟ್ಟಿಯನ್ನು ಮುದ್ದೆ ಮಾಡಿದ್ದರು.

"ಏಳು ತಿಂಗಳು" ಎಂದರು. "ಏಳು ತಿಂಗಳಿಂದ ಈ ಬೆಂಚು ಸ್ವಲ್ಪ ನೋಡಿ ತಾತಾ, ಈ ಪರದೆ ಸ್ವಲ್ಪ ಹೊಲ್ಕೊಡಮ್ಮ ಅಂತ ನಾನು ಹೇಳಿದ್ದೇ ಹೇಳಿದ್ದು. ಆಗ ಯಾರಿಗೂ ಪುರುಸೊತ್ತಿರಲಿಲ್ಲ. ಇವತ್ತೇ ಆಗ್ಬೇಕಿತ್ತಾ? ಇವತ್ತೇ?"

"ಜನ ಬರ್ತಾರಲ್ಲ ಮೇಡಂ" ಎಂದರು ತಾತ, ಇದಕ್ಕಿಂತ ದೊಡ್ಡ ಕಾರಣ ಬೇಕೇ ಎಂಬಂತೆ.

"ಬೆಂಚನ್ನ ಮತ್ತೆ ಸಡಿಲ ಮಾಡಿ. ಈಗಲೇ."

ತಾತ ಉಳಿ ತೆಗೆದುಕೊಂಡು ಕೂತರು. ಬೆಂಚಿನ ಕಾಲನ್ನು ಹಿಂದಿನಿಂದ ನೋಡಿದರು, ಮುಂದಿನಿಂದ ನೋಡಿದರು, ಒಮ್ಮೆ ಸವರಿದರು. ಉಳಿಯನ್ನು ಚೀಲಕ್ಕೆ ಹಾಕಿದರು. "ಆಗಲ್ಲ ಮೇಡಂ. ಇಷ್ಟು ಚೆನ್ನಾಗಿ ಕೂತಿರೋ ಕೀಲು ಕೀಳಕ್ಕೆ ನನಗೆ ಕೈ ಬರಲ್ಲ. ಬೇಕಾದ್ರೆ ಬೇರೆ ಯಾವುದಾದ್ರೂ ಕೆಟ್ಟ ಬಡಗೀನ ಕರೆಸಿ."

ಹೆಡ್‌ಮಿಸ್ ತಾವೇ ಆ ಬೆಂಚಿಗೆ ಒಂದು ಒದೆ ಕೊಟ್ಟರು. ಬೆಂಚು ಅಲುಗಲಿಲ್ಲ. ಅವರು ಒಂಟಿ ಕಾಲಲ್ಲಿ ಕುಣಿಯುತ್ತಾ ಬಾಗಿಲ ತನಕ ಹೋದರು. ತಾತನ ಮುಖದಲ್ಲಿ ಹೆಮ್ಮೆ ಹೇಗೆ ಉಕ್ಕುತ್ತಿತ್ತು ಎಂದರೆ ನನಗೆ ಅವರ ಕಿವಿ ಹಿಂಡಬೇಕು ಅನ್ನಿಸಿತು.

ಅದೇ ಹೊತ್ತಿಗೆ ಅಧಿಕಾರಿಯ ಸ್ಕೂಟರು ಬಂದು ನಿಂತಿತು. ಹೆಡ್‌ಮಿಸ್ ಕುಂಟುತ್ತಾ ಅವರನ್ನು ಎದುರುಗೊಳ್ಳಲು ಓಡಿದರು. ನಾಲ್ಕನೇ ಕ್ಲಾಸಿನ ಮಕ್ಕಳು ಮನೆಗೆ ಬೆಂಕಿ ಬಿದ್ದಂತೆ ಗಲಾಟೆ ಮಾಡುತ್ತಿದ್ದರು. ಸಲೂನಿನ ಅಣ್ಣ ಒಳಗೆ ಇಣುಕಿದರು.

"ಏನಕ್ಕ ಇದು, ಸಂತೆ ಆಗಿದೆ. ಸಾಹೇಬ್ರು ಏನಂದ್ಕೊಳ್ತಾರೆ? ಅವರು ಬರೋ ತನಕ ನಾನು ಸುಮ್ನೆ ಮುಂದೆ ನಿಂತಿರ್ತೀನಿ."

ಅಲ್ಲಿ ಯಾರೂ ಇರಬಾರದು, ಅದನ್ನೇ ತೋರಿಸಬೇಕಿರುವುದು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನಿಜ ಹೇಳುತ್ತೇನೆ, 'ಹೌದು ಅಣ್ಣ, ಬೇಗ ಹೋಗಿ' ಎಂದೆ. ನನ್ನ ಮಗಳೇ ಬೆಂಚಿನ ಮೇಲೆ ಹತ್ತಿ ನಿಂತು ಕೂಗುತ್ತಿದ್ದಳು.

ಅಧಿಕಾರಿ ಸಣಕಲು ಮನುಷ್ಯ, ಪಾಪದವರು. ಪೆನ್ನನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಕೈಯಲ್ಲಿ ಉದ್ದನೆಯ ಫಾರ್ಮು, ಅದರ ತುಂಬ ಚೌಕಗಳು. ಗೇಟಿಗೆ ಒಂದು ಚೌಕ, ನಲ್ಲಿಗೆ ಒಂದು ಚೌಕ. ಎಲ್ಲದರಲ್ಲೂ 'ಸರಿ ಇದೆ' ಎಂದು ಬರೆಯುತ್ತಾ ಬಂದರು. ಹೆಡ್‌ಮಿಸ್ ಪ್ರತಿಯೊಂದಕ್ಕೂ "ನಿನ್ನೆ ತನಕ ಸರಿ ಇರಲಿಲ್ಲ ಸಾರ್" ಎನ್ನುತ್ತಿದ್ದರು. "ಇವತ್ತಿದೆಯಲ್ಲ ಮೇಡಂ, ನಂಗೆ ಇವತ್ತಿನ ತಾರೀಖೇ ಹಾಕಬೇಕು" ಎನ್ನುತ್ತಿದ್ದರು ಅವರು. ಹೀಗೇ ನಾಲ್ಕನೇ ಕ್ಲಾಸಿನ ಬಾಗಿಲಿಗೆ ಬಂದರು. ನಾವು ಹೊರಗಿನ ಕಿಟಕಿಗೆ ಮುಖ ಒತ್ತಿಕೊಂಡು ನಿಂತೆವು. ಗಾಜು ಅಷ್ಟು ಚೊಕ್ಕಟವಾಗಿತ್ತು, ಕಂಡಕ್ಟರ್ ಅದು ಇಲ್ಲವೆಂದೇ ಭಾವಿಸಿ ಹಣೆ ಬಡಿಸಿಕೊಂಡರು. ಆಮೇಲೆ ಕಿಟಕಿಯ ಎರಡೂ ಕದ ತೆರೆದಿಟ್ಟೆವು, ಮಾತು ಕೇಳಲಿ ಎಂದು.

ಸಲೂನಿನ ಅಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಿದ್ದರು. ಬೋರ್ಡಿನ ಮೇಲೆ ಒಂದು ದೊಡ್ಡ ಬೋಳು ತಲೆ ಬರೆದಿದ್ದರು. ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು.

"ಇವರ ತಲೇಲಿ ಅರ್ಧ ಕೂದಲು ಉದುರಿದೆ. ಉಳಿದ ಅರ್ಧದಲ್ಲಿ ಅರ್ಧ ನಾನು ಕತ್ತರಿಸ್ದೆ. ಈಗ ಹೇಳಿ."

"ಅವ್ರು ಪೂರ್ತಿ ದುಡ್ಡು ಕೊಡ್ಬೇಕಾ?" ಎಂದು ಕಂಡಕ್ಟರ್ ಅವಳಿಗಳಲ್ಲಿ ಒಬ್ಬಳು ಕೇಳಿದಳು.

"ಪೂರ್ತಿ ಕೊಡ್ಬೇಕು. ಇಂಥ ತಲೇಲಿ ಕೂದಲು ಹುಡುಕೋದೇ ಒಂದು ಕೆಲಸ."

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧಿಕಾರಿಯೂ ನಕ್ಕರು. ನಗುತ್ತಾ ತಮ್ಮ ತಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಫಾರ್ಮಿನ ದೊಡ್ಡ ಚೌಕದಲ್ಲಿ ಬರೆದರು. ಬರೆಯುತ್ತಾ ಗಟ್ಟಿಯಾಗಿ ಓದಿಕೊಂಡರು. "ಶಿಕ್ಷಕರು ಇದ್ದಾರೆ. ಬೋಧನೆ ಉತ್ತಮ."

ಕಂಡಕ್ಟರ್ ಮತ್ತೆ ಹಣೆ ಚಚ್ಚಿಕೊಂಡರು, ಈ ಸಲ ಬೇಕೆಂದೇ.

"ಸಾರ್, ಅವರು ಶಿಕ್ಷಕರಲ್ಲ" ಎಂದರು ಹೆಡ್‌ಮಿಸ್. "ಎದುರುಗಡೆ ಸಲೂನಿಟ್ಕೊಂಡಿದಾರೆ."

"ಒಳ್ಳೆ ತಮಾಷೆ ಮಾಡ್ತೀರಾ ಮೇಡಂ. ಇಷ್ಟು ಚೆನ್ನಾಗಿ ಪಾಠ ಮಾಡೋರನ್ನ ನಾನು ಈ ವರ್ಷ ನೋಡೇ ಇಲ್ಲ."

"ನಿಜ ಸಾರ್" ಎಂದರು ಸಲೂನಿನ ಅಣ್ಣ, ಹೊಗಳಿಕೆಯಿಂದ ಅರಳಿದ್ದ ಮುಖವನ್ನು ಕಷ್ಟಪಟ್ಟು ಮುದುಡಿಸಿಕೊಂಡು. "ಬೇಕಾದ್ರೆ ಹೇಳ್ತೀನಿ. ನಿಮ್ಮ ಕೂದಲು ಎಡಗಡೆಯಿಂದ ಬಲಕ್ಕೆ ಬಾಚ್ಬಾರದು ಸಾರ್. ನಿಮಗೆ ನೆತ್ತೀಲಿ ಎರಡು ಸುಳಿ ಇದೆ. ಹೋದ ಸಲ ಕತ್ತರಿಸಿದೋರು ಕಿವಿ ಹಿಂದೆ ಅವಸರ ಮಾಡಿದಾರೆ. ಎಡಗಿವಿ ಹತ್ರ ನೋಡಿ, ಮೆಟ್ಟಿಲು ಬಿದ್ದಿದೆ."

ಅಧಿಕಾರಿ ಎಡಗಿವಿಯ ಹಿಂದೆ ಸವರಿಕೊಂಡರು. ಮೆಟ್ಟಿಲು ಸಿಕ್ಕಿರಬೇಕು, ನಂಬಿದರು. ನಾವು ಕಿಟಕಿಯಲ್ಲಿ ಉಸಿರು ಬಿಟ್ಟೆವು. ಆದರೆ ಅವರು ಫಾರ್ಮಿನ ಇನ್ನೊಂದು ಪುಟ ತಿರುಗಿಸಿದರು. ಅಲ್ಲಿ 'ಸಾರ್ವಜನಿಕರ ಸಹಭಾಗಿತ್ವ' ಎಂಬ ಚೌಕ ಇತ್ತಂತೆ.

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು! ಪೋಷಕರೇ ಬಂದು ಪಾಠ ಮಾಡ್ತಾರೆ, ಪೋಷಕರೇ ರಿಪೇರಿ ಮಾಡ್ತಾರೆ. ನಿಮಗೆ ಅನುದಾನವೇ ಬೇಡ. ಇದನ್ನ ಎಲ್ಲ ಶಾಲೆಗೂ ಮಾದರಿ ಅಂತ ಬರೀತೀನಿ."

ನಮ್ಮ ಬೆಪ್ಪುತನ ನಮ್ಮ ಶಾಲೆಯನ್ನಷ್ಟೇ ಅಲ್ಲ, ಬೇರೆಯವರ ಶಾಲೆಗಳನ್ನೂ ಮುಳುಗಿಸಲು ಹೊರಟಿತ್ತು. ಹೆಡ್‌ಮಿಸ್ ಖಾಲಿ ಕುರ್ಚಿಯ ಮೇಲೆ ಕುಸಿದು ಕೂತರು. ಹಾಗೆ ಕೂತು ಆ ಕುರ್ಚಿಯನ್ನೂ ತುಂಬಿಸಿಬಿಟ್ಟರು.

ಹೊರಡುವ ಮುನ್ನ ಅಧಿಕಾರಿಗೆ ಖುಷಿಯಾಗಿ ಮಕ್ಕಳನ್ನು ಒಂದು ಪ್ರಶ್ನೆ ಕೇಳಬೇಕು ಅನ್ನಿಸಿತು. "ನೀನು ಹೇಳು ಪುಟ್ಟಿ" ಎಂದು ಮುಂದಿನ ಸಾಲಿನ ಹುಡುಗಿಗೆ ಬೆರಳು ತೋರಿಸಿದರು. ಅದು ನನ್ನ ಗಿಣಿ. "ಎಂಬತ್ತನಾಲ್ಕನ್ನ ನಾಲ್ಕು ಜನಕ್ಕೆ ಸಮವಾಗಿ ಹಂಚಿದ್ರೆ ಒಬ್ಬೊಬ್ಬರಿಗೆ ಎಷ್ಟು?"

ಗಿಣಿ ಎದ್ದು ನಿಂತಳು. ನಾನು ಮನಸ್ಸಿನಲ್ಲೇ ಇಪ್ಪತ್ತೊಂದು, ಇಪ್ಪತ್ತೊಂದು ಎಂದೆ. ಸಲೂನಿನ ಅಣ್ಣ ಅಧಿಕಾರಿಯ ಬೆನ್ನ ಹಿಂದೆ ಎರಡು ಬೆರಳು ಒಮ್ಮೆ, ಒಂದು ಬೆರಳು ಒಮ್ಮೆ ಎತ್ತಿ ತೋರಿಸಿದರು. ಗಿಣಿ ಅವರ ಬೆರಳನ್ನು ನೋಡಲಿಲ್ಲ. ಕಿಟಕಿಯಲ್ಲಿ ನನ್ನನ್ನು ನೋಡಿದಳು. ಹುಟ್ಟಿದಾಗಿನಿಂದ ಅವಳು ಅಷ್ಟು ಹೊತ್ತು ಸುಮ್ಮನೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಮನೇಲಿ ಎಲ್ಲ ಹೇಳ್ತಾಳೆ ಸಾರ್! ನಿಮ್ಮನ್ನ ನೋಡಿ ಹೆದರಿದಾಳೆ ಅಷ್ಟೇ!" ಎಂದು ಕಿಟಕಿಯಿಂದಲೇ ಕೂಗಿದೆ. ಶುದ್ಧ ಸುಳ್ಳು. ಮನೆಯಲ್ಲಿ ನಾನು ಒಂದು ಲೆಕ್ಕವನ್ನೂ ಕೇಳಿದವಳಲ್ಲ.

"ಇಲ್ಲಮ್ಮ" ಎಂದಳು ಗಿಣಿ. "ನಂಗೆ ಬರಲ್ಲ."

ಆಮೇಲೆ ಅಧಿಕಾರಿಯ ಕಡೆ ತಿರುಗಿ, ದಾರಿ ಕೇಳಿದವರಿಗೆ ದಾರಿ ಹೇಳುವಂತೆ ಹೇಳಿದಳು. "ನಮಗೆ ಭಾಗಾಕಾರ ಇನ್ನೂ ಬಂದಿಲ್ಲ ಸಾರ್. ಟೀಚರ್ ಹೋದಾಗ ಆರರ ಮಗ್ಗಿ ನಡೀತಿತ್ತು. ಆರು ಏಳ್ಲಿ ತನಕ ಆಗಿತ್ತು. ಆರು ಎಂಟ್ಲಿ ನಾಳೆ ಹೇಳ್ತೀನಿ ಅಂದಿದ್ರು. ಅಲ್ಲೇ ಇದೀವಿ."

"ಅಲ್ಲೇ ಇದೀವಿ ಸಾರ್" ಎಂದು ಇಡೀ ಕ್ಲಾಸು ಹೇಳಿತು.

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಊರಿನವರ ಸೊಂಟದ ಅಳತೆಯೆಲ್ಲ ನನಗೆ ಬಾಯಿಪಾಠ. ಯಾರು ದಪ್ಪಗಾದರು, ಯಾರು ಇಳಿದರು, ಎಲ್ಲ ಗೊತ್ತು. ನನ್ನ ಮಗಳು ಏಳು ತಿಂಗಳಿಂದ ಆರು ಏಳರ ಹತ್ತಿರ ನಿಂತಿದ್ದಾಳೆ ಎಂಬುದು ಗೊತ್ತಿರಲಿಲ್ಲ. ಪರದೆ ಹೊಲಿದೆನಲ್ಲ, ಅದೇ ಕಿಟಕಿಯ ಪಕ್ಕ ಅವಳು ದಿನಾ ಕೂರುತ್ತಿದ್ದಳು. ನನಗೆ ಅವಳ ಮೇಲೆ ಒಂದು ಚೂರೂ ಸಿಟ್ಟು ಬರಲಿಲ್ಲ. ನನ್ನ ಮೇಲೆ ಬಂದ ಸಿಟ್ಟಿಗೆ ಅಲ್ಲಿ ಜಾಗವೇ ಸಾಲಲಿಲ್ಲ.

ನಾನು ಸುತ್ತು ಬಳಸಿ ಬಾಗಿಲಿನಿಂದ ಒಳಗೆ ಹೋದೆ.

"ಸಾರ್, ಬರ್ಕೊಳಿ. ಟೈಲರ್ ಮಗಳಿಗೆ ಭಾಗಾಕಾರ ಬರಲ್ಲ."

ಅಧಿಕಾರಿ ಫಾರ್ಮು ತಿರುವಿ ಹಾಕಿದರು. "ಅದಕ್ಕೆ ಚೌಕ ಇಲ್ವಲ್ಲಮ್ಮ. ಬೆಂಚಿಗಿದೆ, ನಲ್ಲಿಗಿದೆ, ಗೋಡೆಗಿದೆ."

"ಇಲ್ದಿದ್ರೆ ಮಾಡ್ಕೊಂಡ್ರೆ ಆಯ್ತು. ಕೊಡಿ ಇಲ್ಲಿ."

ಫಾರ್ಮು ಅವರ ಕೈಯಿಂದ ಕಿತ್ತುಕೊಂಡು ಹಿಂದಿನ ಖಾಲಿ ಪುಟವನ್ನು ಮೇಜಿನ ಮೇಲೆ ಹರಡಿದೆ. ಪೆನ್ನು ಅವರ ಕೊರಳಿಗೆ ಕಟ್ಟಿತ್ತು, ಹಾಗಾಗಿ ಅವರೂ ಜೊತೆಗೆ ಬಗ್ಗಿದರು. ಬಟ್ಟೆಯ ಮೇಲೆ ಗೆರೆ ಎಳೆದು ಪಳಗಿದ ಕೈ ನನ್ನದು. ಉದ್ದಕ್ಕೆ ಎರಡು ಸಾಲು, ಅಡ್ಡಕ್ಕೆ ಇಪ್ಪತ್ತೆಂಟು ಚೌಕ ಬರೆದೆ, ಕ್ಲಾಸಿನ ಒಂದೊಂದು ಮಗುವಿಗೂ ಒಂದು. ಮೊದಲನೆಯದರಲ್ಲಿ ನನ್ನ ಮಗಳ ಹೆಸರು, ಅದರ ಮುಂದೆ 'ಭಾಗಾಕಾರ ಬರುವುದಿಲ್ಲ, ಯಾರೂ ಹೇಳಿಕೊಟ್ಟಿಲ್ಲ' ಎಂದು ದುಂಡಗೆ ಬರೆದು ಸಹಿ ಹಾಕಿದೆ.

ಮೊದಲು ಎಚ್ಚೆತ್ತವರು ಕಂಡಕ್ಟರ್. ಅವರು ಒಳಗೆ ನುಗ್ಗಿ ಸೀಟಿ ಊದಿದರು. "ಸಾಲಾಗಿ ಬನ್ನಿ, ಒಬ್ಬೊಬ್ಬರೇ ಬನ್ನಿ, ನೂಕಬೇಡಿ! ಮೊದಲು ನಂದು ಬರೀರಿ ಸಾರ್. ನಂದು ಎರಡು. ಒಬ್ಬಳಿಗೆ ಭಾಗಾಕಾರ ಬರಲ್ಲ, ಇನ್ನೊಬ್ಬಳಿಗೆ ಕಳೆಯೋದೂ ಬರಲ್ಲ."

"ಅಪ್ಪಾ, ಕಳೆಯೋದು ಬರುತ್ತೆ!" ಎಂದಳು ಅವಳಿಗಳಲ್ಲಿ ಇನ್ನೊಬ್ಬಳು.

"ಸುಮ್ನಿರಮ್ಮ, ದೊಡ್ಡೋರು ಮಾತಾಡುವಾಗ ಬರುತ್ತೆ ಅನ್ಬಾರದು."

ಸಲೂನಿನ ಅಣ್ಣ ಸೀಮೆಸುಣ್ಣ ಕೆಳಗಿಟ್ಟು ಸಾಲಿಗೆ ಬಂದರು. "ನಮ್ಮ ಹುಡುಗ ಗಡಿಯಾರ ನೋಡಿ ಟೈಮ್ ಹೇಳಲ್ಲ ಸಾರ್. ಹನ್ನೆರಡು ಗಂಟೆ ಮಾತ್ರ ಹೇಳ್ತಾನೆ, ಎರಡು ಮುಳ್ಳೂ ಒಂದೇ ಕಡೆ ಇರುತ್ತಲ್ಲ ಅದಕ್ಕೆ."

"ಅದೇನು ಮಹಾ" ಎಂದು ಬಡಗಿ ತಾತ ಅವರನ್ನು ಪಕ್ಕಕ್ಕೆ ಸರಿಸಿದರು. ಮೊನ್ನೆ ಮೊನ್ನೆಯ ತನಕ ಮೊಮ್ಮಗನ ಗುಣಗಾನ ಮಾಡಿ ಬೀದಿಯವರ ಕಿವಿ ತೂತು ಮಾಡಿದ್ದ ಮನುಷ್ಯ ಇವರು. "ನಮ್ಮೋನನ್ನ ಬರೀರಿ. ಮಹಾ ದಡ್ಡ ಸಾರ್. ಈ ಕ್ಲಾಸಿನ ದಡ್ಡರಲ್ಲೆಲ್ಲ ನನ್ನ ಮೊಮ್ಮಗನೇ ಫಸ್ಟು. ಬೇಕಾದ್ರೆ ಏನಾದ್ರೂ ಕೇಳಿ ನೋಡಿ."

ಅಧಿಕಾರಿ ಕಕ್ಕಾಬಿಕ್ಕಿಯಾಗಿ, ಏನು ಕೇಳುವುದೆಂದು ತೋಚದೆ, ಆರು ಎಂಟ್ಲಿ ಎಷ್ಟು ಎಂದು ಕೇಳಿದರು.

"ನಲವತ್ತೆಂಟು" ಎಂದ ಮೊಮ್ಮಗ.

ತಾತನ ಮುಖ ನೋಡಬೇಕಿತ್ತು. ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದೆ ಮೀಸೆ ಒಂದು ಕಡೆ ಮೇಲೆ ಹೋಗಿ ಇನ್ನೊಂದು ಕಡೆ ಕೆಳಗೆ ಬಂತು. "ಹೇಗೋ ಬಂತು ನಿಂಗೆ?" ಎಂದು ಗದರಿದರು.

"ನೀವು ಮೊಳೆ ಎಣಿಸುವಾಗ ಹೇಳ್ತೀರಲ್ಲ ತಾತಾ."

"ಮೊಳೆ ಲೆಕ್ಕ ಬೇರೆ ಸಾರ್, ಅದು ಲೆಕ್ಕಕ್ಕಿಲ್ಲ" ಎಂದು ತಾತ ಅಧಿಕಾರಿಯ ಕೈ ಹಿಡಿದು ಬೇಡಿಕೊಂಡರು. "ದಯವಿಟ್ಟು ದಡ್ಡ ಅಂತಲೇ ಬರ್ಕೊಳಿ."

ಅಷ್ಟು ಹೊತ್ತಿಗೆ ಸುದ್ದಿ ಬೀದಿಗೆ ಹಬ್ಬಿ ಇನ್ನೂ ಹತ್ತಾರು ತಾಯಿ ತಂದೆ ಓಡಿ ಬಂದಿದ್ದರು. ತಮ್ಮ ಮಕ್ಕಳಿಗೆ ಏನೇನು ಬರುವುದಿಲ್ಲ ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಒಬ್ಬಾಕೆ ಮೂರನೇ ಕ್ಲಾಸಿನ ಮಗುವನ್ನೂ ಸೇರಿಸಿ ಎಂದು ಹಟ ಹಿಡಿದಳು. ಮನೆಯಲ್ಲೂ ಬೀದಿಯಲ್ಲೂ ಬಾಯಿ ಬಿಡದೆ ಮುಚ್ಚಿಟ್ಟಿದ್ದನ್ನೆಲ್ಲ ಜನ ಹೀಗೆ ಕೂಗಿ ಹೇಳುವುದನ್ನು ನಾನು ನೋಡಿದ್ದು ಅದೇ ಮೊದಲು. ಇಪ್ಪತ್ತೆಂಟು ಚೌಕವೂ ತುಂಬಿದವು. ಹೆಡ್‌ಮಿಸ್ ಎದ್ದು ನಿಂತು ಕೊನೆಗೆ ತಾವೇ ಒಂದು ಸಾಲು ಸೇರಿಸಿದರು. 'ಎರಡು ಕ್ಲಾಸಿಗೆ ಒಬ್ಬಳೇ ಪಾಠ ಮಾಡಲು ನನ್ನಿಂದ ಆಗುತ್ತಿಲ್ಲ.' ಬರೆದ ಮೇಲೆ ಅವರು ಅತ್ತರು. ಅಷ್ಟು ಗಟ್ಟಿ ಹೆಂಗಸು ಅಳುವುದು ನೋಡಿ ಮಕ್ಕಳೂ ಅತ್ತರು. ಆಮೇಲೆ ಅಧಿಕಾರಿ ಬೆನ್ನು ನೆಟ್ಟಗೆ ಮಾಡಲು ಹೋಗಿ ಪೆನ್ನಿನ ದಾರ ಕಂಡಕ್ಟರ್ ಕೊರಳಿನ ಸೀಟಿಯ ದಾರಕ್ಕೆ ಸಿಕ್ಕಿ ಇಬ್ಬರ ಹಣೆಯೂ ಡಿಕ್ಕಿ ಹೊಡೆಯಿತು. ಎಲ್ಲರೂ ನಕ್ಕರು.

"ಫಾರ್ಮಿನ ಹಿಂದೆ ಬರೆದದ್ದನ್ನ ನಮ್ಮ ಮೇಲಿನ ಸಾಹೇಬ್ರು ಓದ್ತಾರೋ ಇಲ್ವೋ ಗೊತ್ತಿಲ್ಲ" ಎಂದರು ಅಧಿಕಾರಿ, ಸ್ಕೂಟರು ಹತ್ತುವಾಗ. "ಈ ಸಲ ಹಿಂದಿನ ಪುಟವನ್ನೇ ಮೇಲೆ ಇಟ್ಟು ಕೊಡ್ತೀನಿ." ನಾನು ಅವರನ್ನು ಪಾಪದವರು ಎಂದೆನಲ್ಲ, ಒಳ್ಳೆಯವರು ಎನ್ನಬೇಕಿತ್ತು.

ಮೂರು ವಾರದ ಮೇಲೆ ಕಾಗದ ಬಂತು. ಕಂಡಕ್ಟರ್ ಶಾಲೆಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳಿಸುವಂತೆ ಓದಿದರು. ಕಟ್ಟಡದ ರಿಪೇರಿಗೆ ಅನುದಾನ ಇಲ್ಲ, ಏಕೆಂದರೆ ಎಲ್ಲವೂ ಅತ್ಯುತ್ತಮ ಸ್ಥಿತಿಯಲ್ಲಿದೆ. ತಾತ ಅಲ್ಲಿಗೇ ಚಪ್ಪಾಳೆ ತಟ್ಟಿಬಿಟ್ಟರು, ನಾವು ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು. ನಾಲ್ಕನೇ ಕ್ಲಾಸಿನ ಹುದ್ದೆ ರದ್ದಾಗಿಲ್ಲ, ಸೋಮವಾರದಿಂದ ಹೊಸ ಟೀಚರ್ ಬರುತ್ತಾರೆ ಎಂದು ಕೆಳಗಿತ್ತು.

ಸೋಮವಾರ ಬಂದವರು ಸಣ್ಣ ವಯಸ್ಸಿನ, ದಪ್ಪ ಕನ್ನಡಕದ ಹುಡುಗಿ. ನಗುವುದು ಕಡಿಮೆ. ಮೊದಲ ದಿನವೇ ಇಪ್ಪತ್ತೆಂಟು ಮಕ್ಕಳ ಲೆಕ್ಕದ ಪುಸ್ತಕವನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಹೊತ್ತುಕೊಂಡು ಹೋದರಂತೆ.

ಮಂಗಳವಾರ ಮಧ್ಯಾಹ್ನ ನಾನು ಒಬ್ಬ ಗಿರಾಕಿಯ ಪ್ಯಾಂಟಿನ ಅಳತೆ ತೆಗೆಯುತ್ತಿದ್ದೆ. ಗಿಣಿ ಶಾಲೆಯಿಂದ ಬಂದು ಪುಸ್ತಕವನ್ನು ಬೆನ್ನ ಹಿಂದೆ ಹಿಡಿದು ಬಾಗಿಲಲ್ಲೇ ನಿಂತಳು. ಮುಖ ಊದಿತ್ತು. ಕೇಳಿ ಕೇಳಿ ಪುಸ್ತಕ ಇಸಕೊಂಡೆ. ತೆರೆದರೆ ಪುಟದ ತುಂಬ ಕೆಂಪು ಶಾಯಿ. ತಪ್ಪು, ತಪ್ಪು, ತಪ್ಪು. ಒಂದು ಕಡೆ 'ಇಲ್ಲಿ ದಶಕದ ಎರಡನ್ನು ಸೇರಿಸಲು ಮರೆತಿದ್ದೀಯ', ಇನ್ನೊಂದು ಕಡೆ 'ಒಂಬತ್ತು ಹೀಗೆ ಬರೆಯುವುದಲ್ಲ', ಕೊನೆಗೆ 'ನಾಳೆ ನನ್ನ ಪಕ್ಕ ಕೂತು ಮಾಡು'.

ಏಳು ತಿಂಗಳಿಂದ ಆ ಪುಸ್ತಕದಲ್ಲಿ ನನ್ನ ಮಗಳ ಅಕ್ಷರ ಬಿಟ್ಟರೆ ಬೇರೆಯವರ ಅಕ್ಷರವೇ ಇರಲಿಲ್ಲ. ಈಗ ಯಾರೋ ಒಬ್ಬರು ಕೂತು, ಅವಳ ಒಂದೊಂದು ಸಾಲನ್ನೂ ಓದಿ, ಎಲ್ಲಿ ತಪ್ಪಿದಳು ಎಂದು ಹುಡುಕಿದ್ದರು. ಪುಸ್ತಕವನ್ನು ಗಿರಾಕಿಯ ಮುಖದ ಮುಂದೆ ಹಿಡಿದೆ.

"ನೋಡಿ, ನೋಡಿ. ಎಷ್ಟೊಂದು ತಪ್ಪು!"

ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಓದಲ್ವಾ ಮಗು?" ಎಂದರು.

"ಇನ್ಮೇಲೆ ಓದ್ತಾಳೆ" ಎಂದೆ.

"ಅಮ್ಮಾ, ಎಲ್ಲರಿಗೂ ತೋರಿಸ್ಬೇಡ" ಎಂದು ಗಿಣಿ ನನ್ನ ತೋಳು ಜಗ್ಗಿದಳು. ನಾನು ಆಗಲೇ ಪುಸ್ತಕ ಹಿಡಿದು ಸಲೂನಿನ ಮೆಟ್ಟಿಲು ಹತ್ತಿದ್ದೆ. ಒಳಗೆ ಸಲೂನಿನ ಅಣ್ಣ ಕತ್ತರಿ ಕೆಳಗಿಟ್ಟು, ಅರ್ಧ ಕತ್ತರಿಸಿದ ತಲೆಯ ಗಿರಾಕಿಗೆ ತಮ್ಮ ಮಗನ ಪುಸ್ತಕ ತೋರಿಸುತ್ತಿದ್ದರು.